ಮೂತ್ರಕೋಶದ ಗ್ರಾಹಿಗಳೂ ನಮ್ಮ ಸಂಕೋಚವೂ



ಕಳೆದ ಶ್ರಾವಣಮಾಸದಲ್ಲಿ ವೃದ್ಧ ದಂಪತಿಗಳಿಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಯಜಮಾನರಿಗೆ 70 ದಾಟಿತ್ತು. ತಾಯಿಯವರಿಗೆ 65ರ ಆಸುಪಾಸು. ಬಂದದ್ದು ಮೊಳಕಾಲು ನೋವಿಗೆಂದು. ಔಷಧಿ ಬರೆಸಿಕೊಂಡು ಯಜಮಾನರು ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಆ ತಾಯಿ ಬಾಗಿಲಿನಿಂದ ಹಿಂದಿರುಗಿ ಬಂದು, ತಗ್ಗಿದ ದನಿಯಲ್ಲಿ, "ಡಾಕ್ಟರ್ ಸಾಹೇಬರ, ಮೂರು ತಿಂಗಳಾತ್ರಿ, ನಾ ಲಿಂಗಾ ಅಂಗೈಯಾಗ ಹಿಡಿದಿಲ್ಲ" ಎಂದರು.

ಕುಳ್ಳಿರಿಸಿ ವಿಚಾರಿಸಿದೆ. ಜಲಬಾಧೆಯ ಅರಿವಾಗುವುದಕ್ಕೂ ಬಚ್ಚಲು ತಲುಪುವುದಕ್ಕೂ ನಡುವೆ ಅವರಿಗೆ ಅವಕಾಶವೇ ಇರುತ್ತಿರಲಿಲ್ಲ. ಅಷ್ಟರೊಳಗೆ ಸೀರೆ ಒದ್ದೆಯಾಗುತ್ತಿತ್ತು. ಪೂಜೆಗೆ ಕುಳಿತರೆ ನಡುವೆ ಎರಡು ಬಾರಿ ಏಳಬೇಕು. ರಾತ್ರಿ ನಾಲ್ಕು ಬಾರಿ. ಒದ್ದೆ ಬಟ್ಟೆಯ ಮೈಲಿಗೆಯಲ್ಲಿ ಇಷ್ಟಲಿಂಗವನ್ನು ಕೈಗೆ ತೆಗೆದುಕೊಳ್ಳಬಾರದೆಂದು ತಾವೇ ತೀರ್ಮಾನಿಸಿ ಪೂಜೆ ನಿಲ್ಲಿಸಿದ್ದರು. ಮಠದ ಪ್ರವಚನವನ್ನೂ ಬಿಟ್ಟಿದ್ದರು. ಸೊಸೆಗೆ ಹೇಳಿರಲಿಲ್ಲ, ಮಗನಿಗೆ ಹೇಳಿರಲಿಲ್ಲ, ಹೊರಗೆ ಕಾಯುತ್ತಿದ್ದ ಯಜಮಾನರಿಗೂ ಹೇಳಿರಲಿಲ್ಲ.

ಕೇಳಿ ವ್ಯಥೆಯಾಯಿತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಲಿಂಗವಂತರಿಗೆ ಇಲ್ಲವೆಂದು ಸಾರಿದ ಪರಂಪರೆಯಲ್ಲಿ ಹುಟ್ಟಿದ ಹೆಣ್ಣುಮಗಳು, ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ಆರನೆಯ ಸೂತಕವೊಂದನ್ನು ತಮಗೆ ತಾವೇ ವಿಧಿಸಿಕೊಂಡಿದ್ದರು. ಧರ್ಮದ ಮಾತನ್ನು ತಿಳಿಸಿ ಹೇಳಲು ಮಠದಲ್ಲಿ ಸ್ವಾಮಿಗಳಿದ್ದಾರೆ. ನನ್ನ ಪಾಲಿಗೆ ಬಂದದ್ದು ದೇಹದ ಮಾತು. ಅದನ್ನೇ ಈ ತಿಂಗಳು ತಮ್ಮ ಮುಂದಿಡುತ್ತಿದ್ದೇನೆ.

ಮೂತ್ರಕೋಶವು ಕಿಬ್ಬೊಟ್ಟೆಯಲ್ಲಿರುವ ಒಂದು ಸ್ನಾಯುಚೀಲ. ಮೂತ್ರಪಿಂಡಗಳು ದಿನಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರವನ್ನು ಹನಿಹನಿಯಾಗಿ ಅದರೊಳಗೆ ಇಳಿಸುತ್ತವೆ. 150ರಿಂದ 200 ಮಿಲಿಲೀಟರ್ ಸೇರಿದಾಗ ಮೊದಲ ಸೂಚನೆ ದೊರೆಯುತ್ತದೆ. ಆರೋಗ್ಯವಂತರು 400-500 ಮಿಲಿಲೀಟರ್ ತುಂಬುವವರೆಗೂ ತಡೆದುಕೊಳ್ಳಬಲ್ಲರು. ಈ ಚೀಲದ ಗೋಡೆಯಲ್ಲಿರುವ ಸ್ನಾಯುವಿಗೆ ಡಿಟ್ರೂಸರ್ ಎಂದು ಹೆಸರು. ಇದರ ಬಾಳು ವಿಚಿತ್ರವಾದುದು. ದಿನದ 24 ಗಂಟೆಗಳಲ್ಲಿ ಅದು ಸಂಕುಚಿಸಿ ದುಡಿಯುವುದು ಕೆಲವೇ ನಿಮಿಷ. ಉಳಿದ ಕಾಲವೆಲ್ಲ ಒಳಗಿನ ಭಾರ ಏರುತ್ತಿದ್ದರೂ ಸಡಿಲವಾಗಿ ಸುಮ್ಮನಿರುವುದೇ ಅದರ ಕಾಯಕ. ಆ ತಾಯಿಯ ಮೂತ್ರಕೋಶ ಮರೆತದ್ದು ಈ ಸುಮ್ಮನಿರುವ ಕಾಯಕವನ್ನು.

ಸ್ನಾಯುವಿಗೆ ಆಜ್ಞೆ ತಲುಪುವುದು ಹೇಗೆ? ವಿದ್ಯುತ್ ತಂತಿಯನ್ನು ದೀಪಕ್ಕೆ ಜೋಡಿಸಿದಂತೆ ನರವನ್ನು ಸ್ನಾಯುವಿಗೆ ಜೋಡಿಸಲಾಗಿದೆಯೆಂದು ಅನೇಕರು ಭಾವಿಸುತ್ತಾರೆ. ಹಾಗಿಲ್ಲ. ನರದ ತುದಿಗೂ ಸ್ನಾಯುಕೋಶಕ್ಕೂ ನಡುವೆ ಸೂಕ್ಷ್ಮವಾದ ಅಂತರವಿದೆ. ನರದ ತುದಿಯಿಂದ ಒಂದು ರಾಸಾಯನಿಕ ದ್ರವ್ಯ ಹೊರಬೀಳುತ್ತದೆ. ಸ್ನಾಯುಕೋಶದ ಮೈಮೇಲೆ ಅದನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿವೆ. ಅವುಗಳೇ ಗ್ರಾಹಿಗಳು. ದ್ರವ್ಯವು ತನಗೆ ಒಪ್ಪುವ ಗ್ರಾಹಿಯನ್ನು ಕೂಡಿದಾಗ ಮಾತ್ರ ಕೋಶದೊಳಗೆ ಕೆಲಸ ಆರಂಭವಾಗುತ್ತದೆ. ಸಂಕುಚಿಸಬೇಕೋ ಸಡಿಲಗೊಳ್ಳಬೇಕೋ ಎಂಬುದು ಯಾವ ದ್ರವ್ಯವು ಯಾವ ಗ್ರಾಹಿಯನ್ನು ಕೂಡಿತು ಎಂಬುದನ್ನು ಅವಲಂಬಿಸಿದೆ.

ಇಂಥ ಗ್ರಹಿಸುವ ದ್ರವ್ಯವೊಂದು ಜೀವಕೋಶದಲ್ಲಿ ಇರಲೇಬೇಕೆಂದು 1905ರಲ್ಲಿ ಕೇಂಬ್ರಿಜ್‌ನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ ತರ್ಕಿಸಿದರು. ನರಗಳು ನಿಜವಾಗಿಯೂ ರಾಸಾಯನಿಕದ ಮೂಲಕವೇ ಮಾತನಾಡುತ್ತವೆಂದು 1921ರಲ್ಲಿ ತೋರಿಸಿಕೊಟ್ಟವರು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಆಟೋ ಲೋವಿ. ಆ ಪ್ರಯೋಗದ ಹಿನ್ನೆಲೆಯನ್ನು ಅವರೇ ಹೇಳಿಕೊಂಡಿದ್ದಾರೆ. ಒಂದು ರಾತ್ರಿ ಕನಸಿನಲ್ಲಿ ಪ್ರಯೋಗದ ವಿಧಾನ ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದರು. ಬೆಳಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ವಿಚಾರ ಮತ್ತೆ ಬಂದಾಗ ಚೀಟಿಯನ್ನು ನಂಬದೆ ನೇರವಾಗಿ ಪ್ರಯೋಗಶಾಲೆಗೆ ನಡೆದರು. ಕಪ್ಪೆಯ ಹೃದಯವೊಂದರ ನರವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿ, ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದರು. ನರದ ಸೋಂಕೇ ಇಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು! ಆ ದ್ರವ್ಯವೇ ಅಸಿಟೈಲ್‌ಕೋಲೀನ್. ಇಂಗ್ಲೆಂಡಿನ ಹೆನ್ರಿ ಡೇಲ್ ಇದಕ್ಕೆ ಮುಂಚೆಯೇ, 1914ರಲ್ಲಿ, ಈ ದ್ರವ್ಯದ ಪರಿಣಾಮಗಳಲ್ಲಿ ಎರಡು ಬಗೆಗಳಿವೆಯೆಂದು ತೋರಿಸಿದ್ದರು. ಕೆಲವು ವಿಷದ ಅಣಬೆಗಳಲ್ಲಿರುವ ಮಸ್ಕರಿನ್‌ನ ಪರಿಣಾಮವನ್ನು ಹೋಲುವುದು ಒಂದು, ಹೊಗೆಸೊಪ್ಪಿನ ನಿಕೋಟಿನ್‌ನ ಪರಿಣಾಮವನ್ನು ಹೋಲುವುದು ಇನ್ನೊಂದು. ಇಬ್ಬರಿಗೂ 1936ರ ನೊಬೆಲ್ ಪ್ರಶಸ್ತಿ ಸಂದಿತು.

ಈಗ ನಮ್ಮ ಮೂತ್ರಕೋಶಕ್ಕೆ ಮರಳೋಣ. ಡಿಟ್ರೂಸರ್ ಸ್ನಾಯುವಿನಲ್ಲಿರುವುದು ಮಸ್ಕರಿನ್ ಬಗೆಯ ಗ್ರಾಹಿಗಳು. ಇವುಗಳಲ್ಲಿ ಒಟ್ಟು ಐದು ಉಪಜಾತಿಗಳಿವೆ. ಮೂತ್ರಕೋಶದಲ್ಲಿ ಮುಖ್ಯವಾದವು ಎಂ-2 ಮತ್ತು ಎಂ-3. ಸಂಖ್ಯೆಯಲ್ಲಿ ಎಂ-2 ಬಹಳ ಹೆಚ್ಚು. ಆದರೆ ಸ್ನಾಯುವನ್ನು ಹಿಂಡಿ ಮೂತ್ರ ಹೊರಡಿಸುವ ಕೆಲಸವನ್ನು ಬಹುಮಟ್ಟಿಗೆ ನಡೆಸುವುದು ಅಲ್ಪಸಂಖ್ಯಾತವಾದ ಎಂ-3. ಕೆಲವು ಮನೆಗಳಲ್ಲಿಯೂ ಹಾಗೆಯೇ ಅಲ್ಲವೇ? ಬೆನ್ನುಹುರಿಯ ಕೆಳತುದಿಯಿಂದ ಬರುವ ನರಗಳು ಅಸಿಟೈಲ್‌ಕೋಲೀನನ್ನು ಸುರಿಸಿದಾಗ ಎಂ-3 ಎಚ್ಚೆತ್ತು ಚೀಲ ಹಿಂಡಿಕೊಳ್ಳುತ್ತದೆ. ಮಿದುಳು ಅಪ್ಪಣೆ ಕೊಡುವವರೆಗೆ ಹೀಗಾಗಬಾರದು. ಹಸುಗೂಸಿನಲ್ಲಿ ಆ ಹಿಡಿತ ಇರುವುದಿಲ್ಲ. ಬೆಳೆಯುತ್ತಾ ಮಗು ಅದನ್ನು ಕಲಿಯುತ್ತದೆ. ಪಾರ್ಶ್ವವಾಯು, ಕಂಪವಾತ, ಬೆನ್ನುಹುರಿಯ ಪೆಟ್ಟು ಮುಂತಾದವುಗಳಲ್ಲಿ ಕಲಿತ ಹಿಡಿತ ಸಡಿಲುತ್ತದೆ. ಇಂಥ ಯಾವ ಕಾರಣವೂ ಕಾಣದೆ, ವಯಸ್ಸಾದಂತೆ ಸ್ನಾಯು ತಾನಾಗಿಯೇ ಅಪ್ಪಣೆಯಿಲ್ಲದೆ ಹಿಂಡಿಕೊಳ್ಳುವುದೂ ಬಹಳ ಸಾಮಾನ್ಯ. ಚೀಲದ ಒಳಪದರವೂ ಬರಿಯ ಅಸ್ತರಿಯಲ್ಲ. ಹಿಗ್ಗಿದಾಗ ಅದು ಎಟಿಪಿ ಎಂಬ ದ್ರವ್ಯವನ್ನು ಬಿಟ್ಟು ಸಂವೇದನೆಯ ನರಗಳ ಮೇಲಿರುವ ಬೇರೊಂದು ಬಗೆಯ ಗ್ರಾಹಿಯನ್ನು ಎಚ್ಚರಿಸುತ್ತದೆ. ಈ ಎಚ್ಚರಿಕೆ ಅತಿಯಾದರೆ ಅರ್ಧ ತುಂಬಿದ ಚೀಲವೂ ತುಂಬಿ ತುಳುಕುತ್ತಿರುವಂತೆ ಭಾಸವಾಗುತ್ತದೆ.

ಆ ತಾಯಿಗೆ ನಾನು ಮೊದಲ ದಿನವೇ ಗುಳಿಗೆ ಬರೆಯಲಿಲ್ಲ. ಮೂತ್ರಪರೀಕ್ಷೆ, ರಕ್ತದ ಸಕ್ಕರೆ, ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆಯೆಂಬ ಸ್ಕ್ಯಾನಿಂಗ್, ಇವು ಮೂರೂ ಆಗಲೇಬೇಕು. ಸೋಂಕು ಇದ್ದರೆ ಚಿಕಿತ್ಸೆ ಬೇರೆ. ಮಧುಮೇಹದಲ್ಲಂತೂ ಎರಡು ಬಗೆಯ ಮೋಸವಿದೆ. ಸಕ್ಕರೆ ಏರಿದ್ದರೆ ಮೂತ್ರದ ಪ್ರಮಾಣವೇ ಹೆಚ್ಚಾಗಿ ಪದೇಪದೇ ಹೋಗಬೇಕಾಗುತ್ತದೆ. ಹಲವು ವರ್ಷಗಳ ಮಧುಮೇಹದಿಂದ ನರಗಳು ಜಡವಾಗಿದ್ದರೆ, ಚೀಲ ತುಂಬಿದ್ದೇ ತಿಳಿಯದೆ, ತುಂಬಿದ ಕೊಡದಿಂದ ಚೆಲ್ಲಿದಂತೆ ಹೆಚ್ಚಾದದ್ದು ಮಾತ್ರ ಸೋರುತ್ತಿರುತ್ತದೆ. ನೋಡುವವರಿಗೆ ಎರಡೂ ಪದೇಪದೇ ಹೋಗುವ ಕಾಯಿಲೆಯೇ! ಆದರೆ ಎರಡನೆಯವರಿಗೆ ಸ್ನಾಯುವನ್ನು ಸುಮ್ಮನಿರಿಸುವ ಔಷಧಿ ಕೊಟ್ಟರೆ ಅನಾಹುತವಾಗುತ್ತದೆ.

ತಾಯಿಯವರ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಮೂರು ದಿನ ಎಷ್ಟು ಹೊತ್ತಿಗೆ ಏನು ಕುಡಿದರು, ಎಷ್ಟು ಹೊತ್ತಿಗೆ ಹೋಗಿ ಬಂದರು ಎಂದು ಮೊಮ್ಮಗಳ ಕೈಯಲ್ಲಿ ಬರೆಯಿಸಿ ತರಹೇಳಿದೆ. ಹಗಲಿನಲ್ಲಿಯೇ 14 ಬಾರಿ. ಏಳೆಂಟು ಬಾರಿಯವರೆಗೆ ಸಹಜವೆನ್ನಬಹುದು. ಸೋರುವ ಭಯದಿಂದ ಅವರು ನೀರನ್ನು ಬಹಳ ಕಡಿಮೆ ಮಾಡಿದ್ದರು. ಚಹಾ ಮಾತ್ರ ಐದು ಲೋಟ ನಡೆದಿತ್ತು. ನಮ್ಮ ಹೆಣ್ಣುಮಕ್ಕಳು ಸಾಮಾನ್ಯವಾಗಿ ಮಾಡುವುದು ಇದನ್ನೇ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿಯುಂಟಾಗಿ ಅವಸರ ಹೆಚ್ಚುತ್ತದೆ, ಮಲಬದ್ಧತೆಯೂ ಸೇರಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ನೀರನ್ನು ಹಗಲಿನಲ್ಲಿ ಹದವಾಗಿ ಕುಡಿದು ಮಲಗುವುದಕ್ಕೆ ಎರಡು ಗಂಟೆ ಮೊದಲು ಮಿತಗೊಳಿಸಬೇಕು; ಕಡಿಮೆ ಮಾಡಬೇಕಾದದ್ದು ಚಹಾ, ಕಾಫಿ.

ಇನ್ನೊಂದು ಅಭ್ಯಾಸವನ್ನೂ ಕಲಿಸಿದೆ. ಮೂತ್ರಮಾರ್ಗದ ಕೆಳಭಾಗದಲ್ಲಿ ಉಂಗುರದಂತೆ ಸುತ್ತುವರಿದಿರುವ ಸ್ನಾಯುವೊಂದಿದೆ. ಅಲ್ಲಿರುವುದು ನಿಕೋಟಿನ್ ಬಗೆಯ ಗ್ರಾಹಿಗಳು. ಕೈಕಾಲುಗಳ ಸ್ನಾಯುಗಳಂತೆ ಇದೂ ನಮ್ಮ ಇಚ್ಛೆಗೆ ಒಳಪಟ್ಟದ್ದು. ಜಲಬಾಧೆ ಥಟ್ಟನೆ ಬಂದಾಗ ಓಡಬಾರದು. ನಿಂತಲ್ಲೇ ನಿಂತು ಅಥವಾ ಕುಳಿತು, ಅಪಾನವಾಯುವನ್ನು ತಡೆದಂತೆ ಆ ಸ್ನಾಯುವನ್ನು ಐದಾರು ಬಾರಿ ಬಿಗಿಹಿಡಿದು ಬಿಡಬೇಕು. ಕೆಳಗಿನ ಸ್ನಾಯು ಬಿಗಿದಾಗ ಮೇಲಿನ ಡಿಟ್ರೂಸರ್ ತಣ್ಣಗಾಗುವಂತೆ ನರಗಳ ಏರ್ಪಾಡಿದೆ. ಅವಸರದ ಅಲೆ ಇಳಿದ ಮೇಲೆ ನಿಧಾನವಾಗಿ ನಡೆದು ಹೋಗಬೇಕು. ಗಂಟೆಗೊಮ್ಮೆ ಹೋಗುವವರು ಮೊದಲ ವಾರ ಕಾಲು ಗಂಟೆ ಮುಂದೂಡಿ, ಮುಂದಿನ ವಾರ ಮತ್ತೆ ಕಾಲು ಗಂಟೆ ಸೇರಿಸುತ್ತಾ ಎರಡೂವರೆ-ಮೂರು ಗಂಟೆಯವರೆಗೆ ತರಬಹುದು. ಕೆಮ್ಮಿದಾಗ, ಸೀನಿದಾಗ ಸೋರುವುದು ಬೇರೆಯ ತೊಂದರೆ. ಹೆರಿಗೆಗಳಿಂದ ಸಡಿಲವಾದ ತಳಸ್ನಾಯುಗಳು ಅದಕ್ಕೆ ಕಾರಣ. ಅದಕ್ಕೂ ಇದೇ ಸ್ನಾಯುವಿನ ನಿತ್ಯಾಭ್ಯಾಸ ಒಳ್ಳೆಯದು, ಆದರೆ ಮೂತ್ರಕೋಶವನ್ನು ಶಾಂತಗೊಳಿಸುವ ಗುಳಿಗೆಗಳಿಂದ ಅದಕ್ಕೆ ಪ್ರಯೋಜನವಿಲ್ಲ.

ಆರು ವಾರಗಳಲ್ಲಿ ಅರ್ಧ ಗುಣ ಕಂಡಿತು. ಉಳಿದರ್ಧಕ್ಕೆ ಮಸ್ಕರಿನ್ ಗ್ರಾಹಿಗಳನ್ನು ಮುಚ್ಚುವ ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಬರೆದುಕೊಟ್ಟೆ. ಆಕ್ಸಿಬ್ಯುಟಿನಿನ್, ಟಾಲ್ಟೆರೋಡಿನ್, ಸಾಲಿಫೆನಾಸಿನ್, ಡಾರಿಫೆನಾಸಿನ್ ಈ ಗುಂಪಿನವು. ಅಸಿಟೈಲ್‌ಕೋಲೀನ್ ಬಂದು ಕೂರಬೇಕಾದ ಜಾಗದಲ್ಲಿ ಇವು ಮೊದಲೇ ಕುಳಿತುಬಿಡುತ್ತವೆ. ತೊಡಕೆಂದರೆ, ಇದೇ ಜಾತಿಯ ಗ್ರಾಹಿಗಳು ಲಾಲಾಗ್ರಂಥಿ, ಕರುಳು, ಕಣ್ಣುಗಳಲ್ಲಿಯೂ ಇವೆ. ಆದ್ದರಿಂದ ಬಾಯಿ ಒಣಗುತ್ತದೆ, ಮಲ ಗಟ್ಟಿಯಾಗುತ್ತದೆ, ಸಣ್ಣ ಅಕ್ಷರ ಮಂಜಾಗುತ್ತದೆ. ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಕೊಡಲೇಬಾರದು. ಮಿದುಳಿನಲ್ಲಿ ನೆನಪಿನ ಕೆಲಸಕ್ಕೆ ನೆರವಾಗುವ ಮಸ್ಕರಿನ್ ಗ್ರಾಹಿಗಳಿವೆ. ಆಕ್ಸಿಬ್ಯುಟಿನಿನ್ ಸುಲಭವಾಗಿ ಮಿದುಳನ್ನು ಸೇರುತ್ತದೆ. ಇಂಥ ಗುಳಿಗೆ ಆರಂಭಿಸಿದ ಮೇಲೆ ಅಜ್ಜಿ ಮಂಕಾದರೆ, ಮಾತು ಮರೆತರೆ, ಅದನ್ನು ಅರಳುಮರಳೆಂದು ತಳ್ಳಿಹಾಕದೆ ಗುಳಿಗೆಯ ಚೀಟಿ ಹಿಡಿದು ವೈದ್ಯರ ಬಳಿ ಹೋಗಬೇಕು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ದೀಪಾವಳಿಗೆ ನಾಲ್ಕು ದಿನವಿದ್ದಾಗ ನಡುರಾತ್ರಿ ಅವರ ಮಗ ಬಂದು ಕರೆದ. ಈ ಬಾರಿ ತೊಂದರೆ ಯಜಮಾನರಿಗೆ. ಮಧ್ಯಾಹ್ನದಿಂದ ಒಂದು ಹನಿ ಮೂತ್ರ ಹೋಗಿರಲಿಲ್ಲ. ಕಿಬ್ಬೊಟ್ಟೆ ಉಬ್ಬಿ, ಮುಟ್ಟಿದರೆ ಚೀರುವಂತಾಗಿತ್ತು. ಕ್ಯಾಥೆಟರ್ ನಳಿಕೆ ಹಾಕಿಸಿದಾಗ ಹೊರಬಂದದ್ದು ಒಂದು ಲೀಟರಿಗೆ ಸಮೀಪ. ನೋವಿಳಿದ ಮೇಲೆ ವಿಷಯ ಹೊರಬಿತ್ತು. ಅವರೂ ರಾತ್ರಿ ನಾಲ್ಕೈದು ಬಾರಿ ಏಳುತ್ತಿದ್ದರಂತೆ, ಅವರೂ ಯಾರಿಗೂ ಹೇಳಿರಲಿಲ್ಲವಂತೆ. ಹೆಂಡತಿಗೆ ಗುಣವಾದದ್ದನ್ನು ಕಂಡು, "ಇಬ್ಬರದೂ ಒಂದ ಬ್ಯಾನಿ ಐತಲ್ಲರಿ, ಗುಳಿಗಿನೂ ಒಂದ ಇರಲಿ ಅಂತ ತಗೊಂಡೆ" ಎಂದರು. ಅದರ ಜೊತೆಗೆ ನೆಗಡಿ ಬಂದು, ಅಂಗಡಿಯಿಂದ ನೆಗಡಿಯ ಗುಳಿಗೆಯನ್ನೂ ತಂದು ಎರಡು ದಿನ ನುಂಗಿದ್ದರು. ತಪ್ಪು ನನ್ನದೂ ಹೌದು. ಮೂರು ಬಾರಿ ಹೆಂಡತಿಯ ಜೊತೆ ಬಂದು ಕುಳಿತವರನ್ನು, ನಿಮಗೆ ಹೇಗಿದೆಯೆಂದು ನಾನೊಮ್ಮೆಯೂ ಕೇಳಿರಲಿಲ್ಲ.

ಇಬ್ಬರದೂ ಒಂದೇ ಬೇನೆಯಾಗಿರಲಿಲ್ಲ. ಗಂಡಸರಲ್ಲಿ ಮೂತ್ರಕೋಶದ ಕೊರಳ ಕೆಳಗೆ ಮೂತ್ರನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಗ್ರಂಥಿಯಿದೆ. ತಾರುಣ್ಯದಲ್ಲಿ ಸುಮಾರು 20 ಗ್ರಾಂ ತೂಗುವ ಇದು ವಯಸ್ಸಾದಂತೆ ದಪ್ಪವಾಗಿ ನಾಳವನ್ನು ಒತ್ತುತ್ತದೆ. ಇಕ್ಕಟ್ಟಾದ ದಾರಿಯಲ್ಲಿ ಮೂತ್ರ ತಳ್ಳಲು ಡಿಟ್ರೂಸರ್ ಹೆಣಗಿ ಹೆಣಗಿ ದಪ್ಪವಾಗುತ್ತದೆ, ಕೆರಳುತ್ತದೆ; ಪೂರ್ತಿ ಖಾಲಿಯೂ ಆಗುವುದಿಲ್ಲ. ಆದ್ದರಿಂದ ಪದೇಪದೇ ಜಲಬಾಧೆ. ಹೆಂಡತಿಯ ತೊಂದರೆ ಚೀಲದ್ದಾದರೆ ಗಂಡನದು ಬಾಗಿಲಿನದು. ಚೀಲದ ಬಲವನ್ನು ಕುಗ್ಗಿಸುವ ಗುಳಿಗೆ ಅವರ ಹೊಟ್ಟೆ ಸೇರಿದಾಗ, ಕಷ್ಟಪಟ್ಟು ತಳ್ಳುತ್ತಿದ್ದ ಸ್ನಾಯುವೂ ಕೈಚೆಲ್ಲಿತು.

ಇನ್ನು ನೆಗಡಿಯ ಗುಳಿಗೆಯ ಪಾಲು. ಅಡ್ರಿನಲಿನ್ ಬಳಗದ ದ್ರವ್ಯಗಳನ್ನು ಹಿಡಿಯುವ ಗ್ರಾಹಿಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಗಳಿವೆಯೆಂದು ಅಮೆರಿಕದ ರೇಮಂಡ್ ಅಲ್‌ಕ್ವಿಸ್ಟ್ 1948ರಲ್ಲಿ ವಿಂಗಡಿಸಿದರು. ಮೂತ್ರಕೋಶದ ಕೊರಳಿನಲ್ಲಿಯೂ ಪ್ರಾಸ್ಟೇಟಿನ ಸ್ನಾಯುತಂತುಗಳಲ್ಲಿಯೂ ಆಲ್ಫಾ-1 ಗ್ರಾಹಿಗಳಿವೆ. ಅವು ಎಚ್ಚೆತ್ತರೆ ಬಾಗಿಲು ಬಿಗಿಯುತ್ತದೆ. ಚೀಲದ ಗೋಡೆಯಲ್ಲಿರುವುದು ಬೀಟಾ-3. ಅದು ಎಚ್ಚೆತ್ತರೆ ಗೋಡೆ ಸಡಿಲಗೊಂಡು ಹಿಗ್ಗುತ್ತದೆ. ಒಂದೇ ನಾರ್‌ಅಡ್ರಿನಲಿನ್ ದ್ರವ್ಯವು ಕೆಳಗೆ ಬಾಗಿಲನ್ನು ಬಿಗಿದು ಮೇಲೆ ಗೋಡೆಯನ್ನು ಸಡಿಲಿಸಿ ಮೂತ್ರ ಶೇಖರವಾಗಲು ಅನುವು ಮಾಡಿಕೊಡುವ ಈ ವ್ಯವಸ್ಥೆಯನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಮೂಗಿನ ಕಟ್ಟು ಬಿಡಿಸಲು ನೆಗಡಿಯ ಗುಳಿಗೆಗಳಲ್ಲಿ ಸೇರಿಸುವ ಫಿನೈಲೆಫ್ರಿನ್ ಆಲ್ಫಾ-1ನ್ನು ಎಚ್ಚರಿಸುವ ವಸ್ತು. ಸುರಿಯುವ ಮೂಗನ್ನು ಒಣಗಿಸಲು ಅವುಗಳಲ್ಲಿಯೇ ಸೇರಿಸುವ ಕ್ಲೋರ್‌ಫೆನಿರಮಿನ್ ಮಸ್ಕರಿನ್ ಗ್ರಾಹಿಗಳನ್ನೂ ಮುಚ್ಚುತ್ತದೆ. ಒಂದೇ ಗುಳಿಗೆ ಬಾಗಿಲನ್ನು ಬಿಗಿದು ಚೀಲವನ್ನು ದುರ್ಬಲಗೊಳಿಸುತ್ತದೆ! ಪ್ರಾಸ್ಟೇಟ್ ದಪ್ಪವಾಗಿರುವ ಹಿರಿಯರು ಇಂಥದನ್ನು ವೈದ್ಯರನ್ನು ಕೇಳದೆ ನುಂಗಬಾರದು. ನಿದ್ರೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಮಸ್ಕರಿನ್ ಗ್ರಾಹಿಗಳನ್ನು ಮುಚ್ಚುತ್ತದೆ. ಉಮ್ಮತ್ತಿಯ ಬೀಜ-ಎಲೆಗಳಲ್ಲಿರುವ ಅಟ್ರೋಪಿನ್ ಇದೇ ಕೆಲಸವನ್ನು ಇನ್ನೂ ಉಗ್ರವಾಗಿ ಮಾಡುತ್ತದೆ. ಉಬ್ಬಸಕ್ಕೆಂದು ಅದನ್ನು ಮನೆಮದ್ದಾಗಿ ಬಳಸುವುದು ಅಪಾಯಕಾರಿ.

ಯಜಮಾನರಿಗೆ ಆಲ್ಫಾ-1 ಗ್ರಾಹಿಯನ್ನು ಮುಚ್ಚುವ ಟ್ಯಾಮ್ಸುಲೋಸಿನ್ ಆರಂಭಿಸಿ, ಮೂರು ದಿನಗಳ ಬಳಿಕ ನಳಿಕೆ ತೆಗೆದಾಗ ಮೂತ್ರ ತಾನಾಗಿ ಹೋಯಿತು. ಈ ಗುಂಪಿನ ಔಷಧಿಗಳು ಗ್ರಂಥಿಯನ್ನು ಕರಗಿಸುವುದಿಲ್ಲ, ಬಾಗಿಲನ್ನು ಸಡಿಲಿಸುತ್ತವೆ ಅಷ್ಟೆ. ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟರೈಡ್‌ನಂಥ ಗುಳಿಗೆಗಳ ದಾರಿಯೇ ಬೇರೆ, ಫಲಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಟ್ಯಾಮ್ಸುಲೋಸಿನ್ ಸೇವಿಸುವವರಿಗೆ ಥಟ್ಟನೆ ಎದ್ದಾಗ ತಲೆ ಸುತ್ತಬಹುದು. ರಾತ್ರಿ ಹಾಸಿಗೆಯಲ್ಲಿ ಒಂದು ಕ್ಷಣ ಕುಳಿತು ಏಳಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೋಗುವಾಗ ಈ ಗುಳಿಗೆಯ ವಿಷಯವನ್ನು ನೇತ್ರವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಕಣ್ಣಿನ ಪಾಪೆಯ ಸ್ನಾಯುವಿನಲ್ಲಿಯೂ ಅದೇ ಗ್ರಾಹಿಯಿದೆ. ಗಂಡಸರಿಗೆ ಮಸ್ಕರಿನ್ ತಡೆಯುವ ಗುಳಿಗೆ ಎಂದಿಗೂ ಸಲ್ಲದೆಂದು ಇದರ ಅರ್ಥವಲ್ಲ. ಒಳಗೆ ಉಳಿಯುವ ಮೂತ್ರ ಕಡಿಮೆಯಿದ್ದರೆ ವೈದ್ಯರು ಎರಡನ್ನೂ ಜೊತೆಯಾಗಿ ಕೊಡುವುದುಂಟು. ಅಳತೆ ನೋಡಿ ಕೊಡುವುದಕ್ಕೂ ಹೆಂಡತಿಯ ಡಬ್ಬಿಯಿಂದ ತೆಗೆದು ನುಂಗುವುದಕ್ಕೂ ವ್ಯತ್ಯಾಸವಿದೆ.

ತಾಯಿಯವರಿಗೆ ಬಾಯಿ ಒಣಗುವುದು ಹೆಚ್ಚಾದ್ದರಿಂದ ಕೆಲವು ವಾರಗಳ ನಂತರ ಬೀಟಾ-3ನ್ನು ಎಚ್ಚರಿಸುವ ಮಿರಾಬೆಗ್ರಾನ್‌ಗೆ ಬದಲಾಯಿಸಿದೆ. ಇದು ಜಪಾನಿನಲ್ಲಿ 2011ರಲ್ಲಿಯೂ ಅಮೆರಿಕದಲ್ಲಿ 2012ರಲ್ಲಿಯೂ ಬಳಕೆಗೆ ಅನುಮತಿ ಪಡೆಯಿತು, ನಮ್ಮಲ್ಲಿಯೂ ದೊರೆಯುತ್ತದೆ. ಹಿಂಡುವ ಗ್ರಾಹಿಯನ್ನು ಮುಚ್ಚುವ ಬದಲು ಸಡಿಲಿಸುವ ಗ್ರಾಹಿಯನ್ನು ಎಬ್ಬಿಸುವುದರಿಂದ ಬಾಯಿ ಒಣಗುವುದೂ ಮಲಬದ್ಧತೆಯೂ ಕಡಿಮೆ. ಆದರೆ ರಕ್ತದೊತ್ತಡ ಏರಬಹುದಾದ್ದರಿಂದ ಅದನ್ನು ಆಗಾಗ ಅಳೆಯಿಸಬೇಕು. ಒತ್ತಡ ತೀರ ಹೆಚ್ಚಿದ್ದವರಿಗೆ ಇದು ಸಲ್ಲದು. ಗುಳಿಗೆಗಳಿಗೆ ಬಗ್ಗದವರಿಗೆ ಬೊಟುಲಿನಮ್ ವಿಷದ ಅತ್ಯಲ್ಪ ಅಂಶವನ್ನು ಸ್ನಾಯುವಿಗೇ ಚುಚ್ಚಿ, ನರತುದಿಯಿಂದ ಅಸಿಟೈಲ್‌ಕೋಲೀನ್ ಹೊರಬೀಳದಂತೆ ಕೆಲವು ತಿಂಗಳು ತಡೆಯುವ ಚಿಕಿತ್ಸೆಯೂ ದೊಡ್ಡ ಆಸ್ಪತ್ರೆಗಳಲ್ಲಿದೆ.

ಮೂತ್ರದಲ್ಲಿ ರಕ್ತ ಕಂಡರೆ, ಜ್ವರದೊಡನೆ ಉರಿಮೂತ್ರವಿದ್ದರೆ, ಕಾಲುಗಳ ಬಲಹೀನತೆಯೊಡನೆ ಮೂತ್ರದ ಹಿಡಿತ ತಪ್ಪಿದರೆ, ಅಥವಾ ಮೂತ್ರ ಪೂರ್ತಿ ಕಟ್ಟಿಕೊಂಡರೆ ಬೆಳಗಾಗಲೆಂದು ಕಾಯಬಾರದು.

ಮಠಗಳ ಹಾಗೂ ಕಲ್ಯಾಣಮಂಟಪಗಳ ವ್ಯವಸ್ಥಾಪಕರಲ್ಲಿಯೂ ಒಂದು ವಿಜ್ಞಾಪನೆಯಿದೆ. ಸಾವಿರ ಜನರ ದಾಸೋಹವನ್ನು ನಾವು ಅಚ್ಚುಕಟ್ಟಾಗಿ ನಡೆಸುತ್ತೇವೆ; ಹೆಂಗಸರ ಶೌಚಗೃಹವನ್ನು ಮಾತ್ರ ಕಟ್ಟಡದ ಹಿಂದೆ ಮೆಟ್ಟಿಲಿಳಿದು ಹೋಗುವ ಕತ್ತಲೆಯ ಮೂಲೆಯಲ್ಲಿ ಕಟ್ಟಿಸುತ್ತೇವೆ. ಪ್ರವಚನಕ್ಕೆ ಬಾರದ ಹಿರಿಯ ತಾಯಂದಿರಲ್ಲಿ ಎಷ್ಟೋ ಮಂದಿ ಬಾರದಿರುವುದು ಭಕ್ತಿ ಕುಗ್ಗಿದ್ದರಿಂದಲ್ಲ. ಸಭಾಂಗಣದ ಮಗ್ಗುಲಲ್ಲೇ ಶೌಚಗೃಹವೂ, ಬಾಗಿಲ ಬಳಿ ಹಿರಿಯರಿಗೆಂದು ನಾಲ್ಕು ಆಸನಗಳೂ ಇದ್ದರೆ ಸಾಕು.

ಆ ತಾಯಿ ಈಗ ಬೆಳಗಿನ ಪೂಜೆಗೆ ಮತ್ತೆ ಕುಳಿತುಕೊಳ್ಳುತ್ತಿದ್ದಾರೆ. ಸೋರುವುದು ಪೂರ್ತಿ ನಿಂತಿಲ್ಲ. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಆಗುತ್ತದೆ. ಬಟ್ಟೆ ಬದಲಾಯಿಸಿ, ಕೈಕಾಲು ತೊಳೆದು ಬಂದು, ಬಿಟ್ಟಲ್ಲಿಂದ ಪೂಜೆ ಮುಂದುವರಿಸುತ್ತಾರಂತೆ. ಗಂಡ-ಹೆಂಡಿರ ಗುಳಿಗೆಗಳನ್ನು ಸೊಸೆ ಈಗ ಬೇರೆ ಬೇರೆ ಬಣ್ಣದ ಡಬ್ಬಿಗಳಲ್ಲಿ ಇಡುತ್ತಿದ್ದಾಳೆ.

ಎಂಟು-ಹತ್ತು ವರ್ಷದ ಮಕ್ಕಳು ರಾತ್ರಿ ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವ ಬಗ್ಗೆ ಕೆಲವು ತಾಯಂದಿರು ಪತ್ರ ಬರೆದಿದ್ದಾರೆ. ಅದರ ಕಾರಣಗಳು ಬೇರೆ; ಬರುವ ಸಂಚಿಕೆಯಲ್ಲಿ ಬರೆಯುತ್ತೇನೆ. ಅಲ್ಲಿಯವರೆಗೆ ಮಗುವನ್ನು ಹೊಡೆಯಬೇಡಿ.